ಗಂಗಾವತಿ ಅಕ್ಕಿ, ಬಿರುಗಾಳಿಗೆ ಸಿಕ್ಕ ಹಡಗು: ಎಂಟನೇ ಕ್ಲಾಸಿನ ಇಂಗ್ಲಿಷ್ ಶಬ್ದಗಳ ಒಂದು ಪ್ರಕರಣ

ಇದು ಕೊಪ್ಪಳ ಜಿಲ್ಲೆ, ಗಂಗಾವತಿ ಕಡೆ, ತುಂಗಭದ್ರಾ ಹೊಳಿ ದಂಡಿ ಮ್ಯಾಲಿನ ಒಂದು ಸರ್ಕಾರಿ ಹೈಸ್ಕೂಲಿನ್ಯಾಗ 2024ರ ಜುಲೈದಿಂದ ನವೆಂಬರ್ ತನಕ ನಡೆದ ಸಂಗತಿ. ಊರು, ಶಾಲಿ, ಮಕ್ಕಳ ಹೆಸರು ಯಾವುದೂ ಬರಿಯಂಗಿಲ್ಲ, ಮಕ್ಕಳ ಮನಿ ವಿಷಯ ಬಂದಲ್ಲಿ ಗುರುತು ಸಿಗಬಾರ್ದು ಅಂತ ಒಂದಿಷ್ಟು ವಿವರ ಬದಲಿಸೀನಿ, ಕ್ಲಾಸಿನ್ಯಾಗ ಆಗಿದ್ದು ಮಾತ್ರ ಆದಂಗೇ ಐತಿ. ಬರಿಯಬೇಕು ಅನ್ಸಿದ್ದು ಯಾಕಂದ್ರ ನಮ್ಮ ಕಡೆ ಇಂಗ್ಲಿಷ್ ಟೀಚರ್ಸ್ ಇಬ್ಬರು ಕೂಡಿದ್ರ ಸಾಕು "ಮಕ್ಕಳ ಹತ್ರ ಶಬ್ದಾನೇ ಇಲ್ರಿ" ಅಂತೀವಿ, ನಾನೂ ಹನ್ನೊಂದು ವರ್ಷ ಅದನ್ನೇ ಅಂದಾಕಿ. ಈ ಒಂದು ಪಾಠದಾಗ ಗೊತ್ತಾತು, ಅವರ ಹತ್ರ ಶಬ್ದ ಅದಾವ. ಬ್ಯಾರೆ ಅರ್ಥದಾಗ ಅದಾವ.

ಹಿನ್ನೆಲೆ

ಎಂಟನೇ ಕ್ಲಾಸು, ಕನ್ನಡ ಮೀಡಿಯಂ, 38 ಮಕ್ಕಳು. ಹೆಚ್ಚಿನವರ ಮನ್ಯಾಗ ಭತ್ತದ ಕೆಲಸ, ಸ್ವಂತ ಹೊಲ ಇದ್ದವರು ಕಡಿಮಿ, ಕೂಲಿಗೆ ಹೋಗೋರು ಜಾಸ್ತಿ. ರೈಸ್ ಮಿಲ್ಲಿನ್ಯಾಗ ಹಮಾಲಿ ಮಾಡೋರ ಮಕ್ಕಳು ಐದಾರು ಮಂದಿ, ಹೊಳಿಯಾಗ ಮೀನು ಹಿಡಿಯೋರು, ಹರಿಗೋಲು ಹಾಕೋರ ಮಕ್ಕಳು ಮೂರು ಮಂದಿ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಓದಿ ಬಂದಾರ ಅಂತ ಲೆಕ್ಕ, ಆದ್ರ ಜೂನಿನ್ಯಾಗ ಓದಿಸಿ ನೋಡಿದಾಗ ಏಳು ಮಂದಿಗೆ ಒಂದು ಸಾಲು ಕೂಡಿಸಿ ಓದಾಕ ಬರ್ತಿರಲಿಲ್ಲ. ಸಮುದ್ರ ಕಣ್ಣಾರೆ ಕಂಡವ ಒಬ್ಬನೇ ಒಬ್ಬ, ಅವನೂ ನಾಲ್ಕು ವರ್ಷದವ ಇದ್ದಾಗ ಅವರಪ್ಪನ ಲಾರಿಯಾಗ ಹೋಗಿದ್ನಂತ.

ಜುಲೈ ಮೊದಲ ವಾರ ಒಂದು ಪೂರಕ ಓದಿನ ಪಾಠ ಹಿಡಿದೆ, ಎರಡು ಪುಟದ ಕಥಿ, ಸಮುದ್ರದಾಗ ಬಿರುಗಾಳಿ ಎದ್ದು ಹಡಗು ಒಡದು ಜನ ದಡ ಸೇರೋದು. ಕಥಿ ಚಲೋ ಇತ್ತು. ಯಾವಾಗಲೂ ಮಾಡೋ ಹಂಗ ಹೊಸ ಶಬ್ದ 32 ಬೋರ್ಡ್ ಮ್ಯಾಲ ಬರದೆ, ಮುಂದ ಕನ್ನಡ ಅರ್ಥ ಬರದೆ, ಐದೈದು ಸಲ ಬರ್ಕೊಂಡು ಬರ್ರಿ ಅಂದೆ. ಬರ್ಕೊಂಡು ಬಂದ್ರು, ಅಕ್ಷರ ದುಂಡಗ ಇದ್ವು. ಸೋಮವಾರ ಕೇಳಿದ್ರ 32ರಾಗ 20 ದಾಟಿದವರು ನಾಲ್ಕೇ ಮಂದಿ, ಮುಂದಿನ ಸೋಮವಾರ ಅದೇ ಪೇಪರ್ ಹೇಳ್ದೇ ಕೊಟ್ರ ಆ ನಾಲ್ಕೂ ಮಂದಿ ಕೆಳಗ ಇಳದಿದ್ರು.

ತೊಡಕು ಎಲ್ಲಿತ್ತು

ಆ ಎರಡನೇ ಪೇಪರ್ ತಿದ್ದಿ ಹಂಗೇ ಕಟ್ಟಿ ಇಟ್ಟಿದ್ರ ಈ ಪ್ರಕರಣಾನೇ ಇರ್ತಿರಲಿಲ್ಲ. ರಾತ್ರಿ ಮನ್ಯಾಗ ಕುಂತು ತಪ್ಪು ಉತ್ತರ ಅಷ್ಟನ್ನೂ ಒಂದು ಹಾಳಿಗೆ ಇಳಿಸಿದೆ, ಸರಿ ಉತ್ತರ ಬಿಟ್ಟು ಬರೇ ತಪ್ಪು. ಇದು ಮೊದಲನೇ ತಿರುವು ಅಂತ ನಾನು ಅನ್ಕೊಂಡೀನಿ, ಯಾಕಂದ್ರ ತಪ್ಪು ಒಂದ್ಕೊಂದು ಜೋಡಿ ಆಗಾಕ ಹತ್ತಿದ್ವು.

ಆಂಕರ್ ಅಂದ್ರ ಏನು? "ಟಿವಿಯಾಗ ಮಾತಾಡಾಕಿ" ಅಂತ ಹನ್ನೆರಡು ಮಂದಿ ಬರದಾರ. ಕರೆಂಟ್ ಅಂದ್ರ? ಲೈಟ್ ಕರೆಂಟು, ಇದು ಪೂರಾ ಕ್ಲಾಸು. ಬ್ಯಾಂಕ್ ಅಂದ್ರ ದುಡ್ಡು ಇಡೋ ಜಾಗ. ಕ್ಯಾಪ್ಟನ್ ಅಂದ್ರ ಟಾಸ್ ಹಾಕವ. ಸಿಂಕ್ ಅಂದ್ರ ಕೈ ತೊಳಿಯೋದು. ಸೇಲ್ (ಕಥಿಯಾಗ ಹಡಗಿನ ಹಾಯಿ) ಅಂದ್ರ ಅಂಗಡ್ಯಾಗ ಮಾರೋದು. ಡೆಕ್ (ಹಡಗಿನ ಮ್ಯಾಲಿನ ಅಟ್ಟ) ಅನ್ನೋದನ್ನ ಡೆಸ್ಕ್ ಮಾಡ್ಯಾರ, ಕ್ರೂ (ಹಡಗಿನ ಸಿಬ್ಬಂದಿ) ಅನ್ನೋದನ್ನ ಸ್ಕ್ರೂ ಮಾಡ್ಯಾರ. ಮಾಸ್ಟ್ (ಹಾಯಿ ಕಟ್ಟೋ ಕಂಬ) ಅಂತಿದ್ದಲ್ಲಿ ಒಬ್ಬ ಹುಡುಗ "ಭಾಳ ಚಲೋ" ಅಂತ ಬರದಿದ್ದ, ನಮ್ಮ ಕಡೆ ಊಟ ಚಲೋ ಇದ್ರ ಮಸ್ತ್ ಐತಿ ಅಂತೀವಲ್ಲ, ಅದು. ನಾನು ಅದಕ್ಕ ಕೆಂಪು ಇಂಕಿನ್ಯಾಗ ಗೀಟು ಹೊಡದಿದ್ದೆ. ಈ ಮಕ್ಕಳು ಖಾಲಿ ತಲಿ ಇಟ್ಕೊಂಡು ಬಂದಿಲ್ಲ, ಅವರ ಬಾಯಾಗ ಇರೋ ಶಬ್ದಾನೇ ನಾನು ಹೊಸದು ಅಂತ ಕೊಟ್ಟು, ಅವರಿಗೆ ಗೊತ್ತಿದ್ದ ಅರ್ಥ ತಪ್ಪು ಅಂದು, ಗೊತ್ತಿಲ್ಲದ ಅರ್ಥ ಬಾಯಿಪಾಠ ಮಾಡ್ರಿ ಅಂದಿದ್ದೆ.

ಎರಡನೇ ಗುಂಪು ಇನ್ನೂ ಗಟ್ಟಿ. ಕನ್ನಡದಾಗ ಒಂದೇ ಶಬ್ದ ಇದ್ದು ಇಂಗ್ಲಿಷಿನ್ಯಾಗ ಎರಡು ಆಗೋವು. ಹಡಗು ಮುಳುಗ್ತು, ಮನಷಾ ಮುಳುಗಿದ, ನಮಗ ಎರಡಕ್ಕೂ ಮುಳುಗೋದೇ. ಇಂಗ್ಲಿಷಿನ್ಯಾಗ ಹಡಗು ಸಿಂಕ್ ಆಗ್ತದ, ಉಸಿರು ಕಟ್ಟಿ ಸಾಯೋದು ಡ್ರೌನ್. "ದ ಶಿಪ್ ಡ್ರೌನ್ಡ್" ಅಂತ ಬರದವರು ಅರ್ಧ ಕ್ಲಾಸು. ಗಾಳಿ ಅನ್ನೋದೂ ಹಂಗೇ, ಸುಮ್ನೆ ಸುತ್ತ ಇರೋದು ಏರ್, ಬೀಸೋದು ವಿಂಡ್, ನಮಗ ಎರಡೂ ಗಾಳಿ. ದಂಡಿ ಅಂದ್ರ ಹೊಳಿಗೆ ಬ್ಯಾಂಕ್, ಸಮುದ್ರಕ್ಕ ಶೋರ್. ಬೋರ್ಡ್ ಮ್ಯಾಲ ನಾನು ಬರದಿದ್ದೂ ಹಂಗೇ ಇತ್ತು, ಸಿಂಕ್ ಮುಂದ ಮುಳುಗು, ಡ್ರೌನ್ ಮುಂದ ಮುಳುಗು, ಎರಡೂ ಒಂದರ ಕೆಳಗ ಒಂದು. ತಪ್ಪು ನಾನೇ ಕಲಿಸಿದ್ದೆ.

ಉಳಿದದ್ದು ಮೂರನೇ ಗುಂಪು, ಕಣ್ಮುಂದ ಚಿತ್ರಾನೇ ಬರದಿರೋ ಶಬ್ದ, ಹಲ್ (ಹಡಗಿನ ಒಡಲು), ರಡ್ಡರ್ (ಚುಕ್ಕಾಣಿ), ಸ್ಟರ್ನ್ (ಹಡಗಿನ ಹಿಂದಿನ ಭಾಗ) ಇಂಥವು.

ಮೊದಲ ಪ್ರಯತ್ನ: ವಿಡಿಯೋ

ಸಮುದ್ರ ನೋಡಿಲ್ಲ ಅನ್ನೋದೇ ತೊಂದ್ರಿ ಅಂದ್ರ ಸಮುದ್ರ ತೋರಿಸಿದ್ರಾತು ಅನ್ಕೊಂಡು ಮರುದಿನ ಶಾಲಿ ಟಿವಿಯಾಗ ಬಿರುಗಾಳಿಗೆ ಸಿಕ್ಕ ಹಡಗಿನ ಎಂಟು ನಿಮಿಷದ ವಿಡಿಯೋ ಹಾಕಿದೆ. ಮಕ್ಕಳು ಉಸಿರು ಬಿಡ್ಲಾರ್ದಂಗ ನೋಡಿದ್ರು. ಮುಗಿದ ಮ್ಯಾಲ ಏನ್ ನೋಡಿದ್ರಿ ಅಂದ್ರ ಕನ್ನಡದಾಗ ಎಂಥಾ ವರ್ಣನೆ ಅಂತೀರಿ, ತೆರಿ ಮನಿ ಮಾಳಿಗಿಕ್ಕಿಂತ ಎತ್ತರ ಇತ್ತು, ಹಡಗು ತೊಟ್ಟಿಲ ತೂಗಿದಂಗ ತೂಗ್ತಿತ್ತು ಅಂದ್ರು, ಇಂಗ್ಲಿಷ್ ಶಬ್ದ ಒಂದೂ ಇಲ್ಲ. ಅದರಾಗ ಮಾತಾಡವ ಅಷ್ಟು ಜೋರು ಮಾತಾಡ್ತಿದ್ದ, ಮಕ್ಕಳು ಅವನ ದನಿ ಬಿಟ್ಟು ಚಿತ್ರ ಅಷ್ಟೇ ನೋಡಿದ್ರು, ನೋಡಾಕ ಶಬ್ದ ಬೇಕಾಗಿರಲಿಲ್ಲ. ಇನ್ನೊಂದು ಹಾಕ್ರಿ ಮೇಡಂ ಅಂದ್ರು, ಹಾಕಲಿಲ್ಲ. ವಿಡಿಯೋ ಕೆಟ್ಟದ್ದು ಅಂತ ಹೇಳ್ತಿಲ್ಲ, ಕಡೀಗೆ ಹಾಕಿದ್ರ ಉಪಯೋಗ ಆಗ್ತದ, ಮುಂದ ಹೇಳ್ತೀನಿ.

ಪೋರ್ಶನ್ ಹಿಂದ ಬಿದ್ದೈತಿ ಅಂತ ಸ್ಟಾಫ್ ರೂಮಿನ್ಯಾಗ ಮಾತು ಬಂತು. ಎರಡು ದಿನ ವಿಚಾರ ಮಾಡಿ ಇದಕ್ಕ ಹತ್ತು ಪಿರಿಯಡ್ ಕೊಡ್ತೀನಿ, ಆಗದಿದ್ರ ಬಿಡ್ತೀನಿ ಅಂತ ನಂಗ ನಾನೇ ಗಡುವು ಹಾಕ್ಕೊಂಡೆ.

ಕಥಿ ಬದಲಿಸಿದ್ದು

ಪುಸ್ತಕದ ಕಥಿ ಪಕ್ಕಕ್ಕ ಇಟ್ಟು ನಾನೇ ಒಂದು ಬರದೆ, ಸಣ್ಣ ಸಣ್ಣ ವಾಕ್ಯ. ಗಂಗಾವತಿ ಮಿಲ್ಲಿನಿಂದ 25 ಕಿಲೋದ ಅಕ್ಕಿ ಚೀಲ 400 ಲಾರಿಗೆ ಏರ್ತಾವ, ಲಾರಿ ಮಂಗಳೂರು ಹಳೇ ಬಂದರಕ್ಕ ಹೋಗ್ತದ, ಅಲ್ಲಿಂದ ಮಂಜಿ ಅನ್ನೋ ಕಟ್ಟಿಗಿ ಹಡಗಿನ್ಯಾಗ ಲಕ್ಷದ್ವೀಪಕ್ಕ ಹೊಂಡ್ತದ. ಇದು ಖರೇನೇ ನಡೆಯೋ ವ್ಯವಹಾರ, ಹಳೇ ಬಂದರಿನಿಂದ ದ್ವೀಪಗಳಿಗೆ ದಿನಸಿ ಸಾಮಾನು ಹಿಂಗೇ ಹೋಗ್ತದ, ಮಳೆಗಾಲದಾಗ ಸಮುದ್ರ ಕೆಟ್ಟಾಗ ನಿಲ್ತದ. ಅದಕ್ಕ ಕಥಿಯನ್ನ ಮೇ ತಿಂಗಳಿಗೆ ಇಟ್ಟೆ, ಮಳೆಗಾಲಕ್ಕ ಮುಂಚಿನ ಕೊನೇ ಪ್ರಯಾಣ, 2021ರ ಮೇದಾಗ ತೌಕ್ತೆ ಚಂಡಮಾರುತ ನಮ್ಮ ಕರಾವಳಿ ಪಕ್ಕಾನೇ ಹಾದು ಗುಜರಾತಿಗೆ ಬಡಿದಿತ್ತಲ್ಲ, ಅಂಥಾದ್ದೊಂದು ದಿನ. ಆ ಹೆಸರು ಮ್ಯಾನ್ಮಾರ್ ದೇಶ ಕೊಟ್ಟಿದ್ದು, ಅರ್ಥ ಹಲ್ಲಿ ಅಂದಾಗ ಮಕ್ಕಳು ನಂಬಲೇ ಇಲ್ಲ.

ನಮ್ಮ ಅಕ್ಕಿ ಹಡಗಿನ್ಯಾಗ ಐತಿ ಅನ್ನೋದಷ್ಟೇ ಸಾಕಾತು. ಎರಡನೇ ವಾಕ್ಯಕ್ಕೇ "ಯಾವ ಮಿಲ್ ರೀ ಮೇಡಂ" ಅಂತ ಕೇಳಿದ್ರು.

32 ಶಬ್ದ ಕಡಿದು 14ಕ್ಕ ತಂದೆ. ಹಲ್, ರಡ್ಡರ್, ಸ್ಟರ್ನ್ ಬಿಟ್ಟೆ, ಅವು ಈ ಮಕ್ಕಳಿಗೆ ಮತ್ತ ಎಲ್ಲೂ ಸಿಗಂಗಿಲ್ಲ. ಶಬ್ದ ಕಲಿಕೆ ಬಗ್ಗೆ ಜೀವನಪೂರ್ತಿ ಕೆಲಸ ಮಾಡಿದ ನ್ಯೂಜಿಲೆಂಡಿನ ಪಾಲ್ ನೇಶನ್ ಒಂದು ಮಾತು ಹೇಳ್ತಾರ, ಅರ್ಥ ಹತ್ರ ಹತ್ರ ಇರೋ ಹೊಸ ಶಬ್ದ ಒಟ್ಟಿಗೆ ಕೊಟ್ರ ಒಂದಕ್ಕೊಂದು ಅಡ್ಡ ಬರ್ತಾವ, ಒಂದು ಗಟ್ಟಿ ಆದ ಮ್ಯಾಲ ಇನ್ನೊಂದು ಕೊಡಬೇಕು. ಟ್ರೇನಿಂಗಿನ್ಯಾಗ ಕೇಳಿ ಮರ್ತಿದ್ದೆ. ಅದರ ಪ್ರಕಾರ ಸಿಂಕ್ ಎರಡನೇ ದಿನಕ್ಕ, ಡ್ರೌನ್ ಆರನೇ ದಿನಕ್ಕ ಹಾಕಿದೆ. ವಿಂಡ್ ಮೊದಲ ದಿನ, ಏರ್ ಈ ಕಥಿಯಾಗ ಬ್ಯಾಡ ಅಂತ ಬಿಟ್ಟೆ. ಏರ್ ಬಿಟ್ಟಿದ್ದು ಸರಿ ಆಗಲಿಲ್ಲ, ಅದೂ ಮುಂದ ಬರ್ತದ.

ಕ್ಲಾಸ್ ರೂಮ್ ಬಿಟ್ಟು ಅಂಗಳಕ್ಕ ಬಂದ್ವಿ. ಸುಣ್ಣದ ಪುಡಿಲೆ ಹಡಗಿನ ಆಕಾರ ಗೀಚಿದ್ವಿ, ಧ್ವಜಕಟ್ಟಿ ನಡುವ ಬರೂ ಹಂಗ. ಕಟ್ಟಿ ಡೆಕ್ ಆತು, ಕಂಬ ಮಾಸ್ಟ್ ಆತು, ಕಂಬ ಯಾರೂ ಮುಟ್ಟಬಾರ್ದು, ಬರೇ ಕೈ ಮಾಡಿ ತೋರಿಸ್ಬೇಕು ಅಂತ ಕರಾರು. ಮಸ್ತ್ ಅಂತ ಬರದಿದ್ದ ಹುಡುಗನ್ನೇ ಕರದು "ದ ಮಾಸ್ಟ್ ಈಸ್ ಮಸ್ತ್" ಅನ್ನಿಸಿದೆ, ಆ ವಾಕ್ಯ ಇವತ್ತಿಗೂ ಯಾರೂ ಮರ್ತಿಲ್ಲ.

ಸೇಲ್ ಅನ್ನೋದಕ್ಕ ಭತ್ತ ಮುಚ್ಚೋ ತಾಡಪತ್ರಿ ತಂದ್ವಿ. ಆಷಾಢದ ಗಾಳಿ ನಮ್ಮ ಕಡೆ ಹೆಂಗಿರ್ತದ ಗೊತ್ತಲ್ರಿ. ನಾಲ್ಕು ಮೂಲಿ ಹಿಡಕೊಂಡು ಎತ್ತಿದ್ರೋ ಇಲ್ಲೋ, ಗಾಳಿ ತುಂಬಿ ನಾಲ್ಕೂ ಮಂದೀನ್ನ ಆರು ಹೆಜ್ಜಿ ಎಳಕೊಂಡು ಹೋತು. ಹಾಯಿ ಅಂದ್ರ ಏನು, ಗಾಳಿ ಹಡಗನ್ನ ಹೆಂಗ ಎಳೀತದ ಅಂತ ನಾನು ವಿವರಿಸೋ ಕೆಲಸಾನೇ ಉಳೀಲಿಲ್ಲ. ಮರುದಿನದ ಕಥಿಯಾಗ ಬಿರುಗಾಳಿ ಬಂದಾಗ ಕ್ಯಾಪ್ಟನ್ "ಲೋವರ್ ದ ಸೇಲ್" ಅಂತಾನ, ಯಾಕ ಇಳಿಸ್ಬೇಕು ಅಂತ ಕೇಳಿದೆ, ತಾಡಪತ್ರಿ ಹಿಡಿದಿದ್ದ ನಾಲ್ಕೂ ಮಂದಿ ಒಟ್ಟಿಗೆ ಎದ್ದು ನಿಂತ್ರು. ಸೇಲ್, ವಿಂಡ್, ಪುಲ್, ಮೂರು ಶಬ್ದ ಜೋಡಿಸಿ ಹೆಂಗೋ ಹೇಳಿದ್ರು.

ಗಾಳಿಗೆ ಒಂದು ಏಣಿ ಕಟ್ಟಿದ್ವಿ. ಫ್ರಾನ್ಸಿಸ್ ಬೋಫರ್ಟ್ ಅಂತ ಬ್ರಿಟಿಷ್ ನೌಕಾಪಡೆ ಅಧಿಕಾರಿ 1805ರಾಗ ಗಾಳಿಯ ಬಲಕ್ಕ 0ಯಿಂದ 12ರ ತನಕ ಮೆಟ್ಟಲು ಮಾಡಿದ್ರು, ಹಡಗಿನ ಹಾಯಿ ಗಾಳಿಗೆ ಹೆಂಗ ಆಡ್ತದ ಅನ್ನೋದರ ಮ್ಯಾಲ. ಈಗಿನ ಲೆಕ್ಕದಾಗ ಗಂಟೆಗೆ 62 ಕಿಲೋಮೀಟರ್ ದಾಟಿದ್ರ ಗೇಲ್, 89 ದಾಟಿದ್ರ ಸ್ಟಾರ್ಮ್. ನಿಮ್ಮ ಮೆಟ್ಟಲು ಮಾಡ್ರಿ ಅಂದೆ. ಬೇವಿನ ಎಲಿ ಅಲ್ಲಾಡಿದ್ರ ಬ್ರೀಝ್, ಒಗದ ಅರಿವಿ ಹಾರಿ ಬಿದ್ರ ವಿಂಡ್, ತಗಡು ಬಡದಾಡಿದ್ರ ಗೇಲ್, ತಗಡೇ ಕಿತ್ತು ಹೋದ್ರ ಸ್ಟಾರ್ಮ್. ಒಬ್ಬಾಕಿ ಇನ್ನೊಂದು ಸೇರಿಸಿದ್ಳು, ಕೊಯ್ಲಿಗೆ ಬಂದ ಭತ್ತ ನೆಲಕ್ಕ ಮಲಗಿದ್ರ ಅದೂ ಸ್ಟಾರ್ಮ್. ಆಲಿಕಲ್ಲು ಮಳಿಗೆ ಬ್ಯಾಸಗಿ ಬೆಳಿ ಮಲಗಿದ್ದನ್ನ ನೋಡಿದಾಕಿ ಅಕಿ, ಸಮುದ್ರ ನೋಡದಿದ್ರೂ ಬಿರುಗಾಳಿ ನೋಡ್ಯಾಳ.

ಹರಿಗೋಲಿನ ಹುಡುಗ

ಕಡೀ ಬೆಂಚಿನ್ಯಾಗ ಒಬ್ಬ ಹುಡುಗ, ಓದಾಕ ಬರದ ಏಳು ಮಂದಿಯಾಗ ಒಬ್ಬ. ಇಂಗ್ಲಿಷ್ ಪಿರಿಯಡ್ ಬಂತಂದ್ರ ಮುಖ ಕೆಳಗ. ಆಂಕರ್ ಹೇಳೋ ದಿನ ನಾನು ಲಂಗರದ ಚಿತ್ರ ಬರದು ಇದನ್ನ ನೀರಾಗ ಬಿಟ್ರ ಹಡಗು ನಿಲ್ತದ ಅಂದೆ. ಅವ ತಲಿ ಎತ್ತಿ, "ನಾವು ಕಲ್ಲು ಕಟ್ಟಿ ಬಿಡ್ತೀವ್ರಿ ಮೇಡಂ, ಸೆಳವು ಜೋರಿದ್ರ ಕಲ್ಲೂ ಜಾರ್ತೈತ್ರಿ" ಅಂದ. ನಂಗ ಬೇಕಾಗಿದ್ದ ಎರಡು ಶಬ್ದ ಒಂದೇ ಮಾತಿನ್ಯಾಗ ಕೊಟ್ಟ. ಅವನ ಕಲ್ಲು ಆಂಕರ್, ಅವನ ಸೆಳವು ಕರೆಂಟ್.

ಕರೆಂಟ್ ಅಂದ ಕೂಡ್ಲೇ ಕ್ಲಾಸು ನಕ್ತು, ನೀರಾಗ ಕರೆಂಟ್ ಇದ್ರ ಸಾಯ್ತೀವಲ್ರಿ ಅಂತ. ತಪ್ಪು ಅನ್ನಲಿಲ್ಲ. ವಾಯರಿನ್ಯಾಗ ಏನಾಗ್ತದ ಅಂದೆ, ಹರಿತೈತ್ರಿ ಅಂದ್ರು. ಹೊಳಿಯಾಗ? ಅಲ್ಲೂ ಹರಿತೈತಿ. ಮುಗೀತು, ಹರಿಯೋದಕ್ಕೆ ಕರೆಂಟ್, ತಂತಿಯಾಗ ಹರದ್ರೂ ಅದೇ, ನೀರು ಹರದ್ರೂ ಅದೇ. ಟಿವಿ ಆಂಕರ್ ಮಾತೂ ಮೂಲದಾಗ ಹಡಗಿನ ಆಂಕರದಿಂದ್ಲೇ ಬಂದದ್ದು, ಕಾರ್ಯಕ್ರಮ ಅತ್ಲಾಗ ಇತ್ಲಾಗ ಹೋಗದಂಗ ಹಿಡಿಯಾಕಿ. ಹನ್ನೆರಡು ಮಂದಿ ಬರದಿದ್ದ ತಪ್ಪು ಉತ್ತರ ಆ ದಿನ ನಮಗ ಪಾಠ ಆತು.

ಆ ಹುಡುಗ ಮತ್ತೊಂದು ಕೇಳಿದ, ನಮ್ಮ ಹೊಳಿ ಆ ಸಮುದ್ರಕ್ಕ ಹೋಗ್ತೈತೇನ್ರಿ ಅಂತ. ಮ್ಯಾಪ್ ತಗದ್ವಿ. ತುಂಗಾ, ಭದ್ರಾ ಎರಡೂ ಪಶ್ಚಿಮ ಘಟ್ಟದ ಗಂಗಾಮೂಲದಾಗ ಹುಟ್ತಾವ, ಅಲ್ಲಿಂದ ಅರಬ್ಬಿ ಸಮುದ್ರ ಎಷ್ಟು ಹತ್ರ, ಆದ್ರ ಹೊಳಿ ಆ ಕಡೆ ಹೋಗಲೇ ಇಲ್ಲ, ಕೂಡ್ಲಿಯಾಗ ಎರಡೂ ಕೂಡಿ ಪೂರ್ವಕ್ಕ ತಿರುಗಿ ನಮ್ಮ ಊರು ದಾಟಿ ಕೃಷ್ಣಾ ಸೇರಿ ಬಂಗಾಳಕೊಲ್ಲಿಗೆ ಹೋಗ್ತದ. ಅಂದ್ರ ಅಕ್ಕಿ ಒಂದು ಸಮುದ್ರಕ್ಕ, ಅದನ್ನ ಬೆಳೆಸಿದ ನೀರು ಇನ್ನೊಂದು ಸಮುದ್ರಕ್ಕ. ಅದಕ್ಕ ಅರ್ಧ ಪಿರಿಯಡ್ ಹೋತು, ಇಂಗ್ಲಿಷ್ ಏನೂ ಆಗಲಿಲ್ಲ, ನಂಗ ಬ್ಯಾಸರಿಲ್ಲ.

ಅಕ್ಕಿ ಚೀಲದ ದಿನ

ಐದನೇ ದಿನ. ಹಡಗಿನ್ಯಾಗ ನೀರು ತುಂಬಾಕ ಹತ್ತೈತಿ, ಹಡಗು ಹೆವಿ ಆಗೈತಿ, ಸಿಂಕ್ ಆಗೋ ಹಂಗೈತಿ. ನಾನು ಬರ್ಕೊಂಡಿದ್ದ ಪ್ರಕಾರ ಕ್ಯಾಪ್ಟನ್ "ಥ್ರೋ ದ ಬ್ಯಾಗ್ಸ್ ಇಂಟು ದ ಸೀ" ಅನ್ನಬೇಕು, ಚೀಲ ಒಗೀತಾರ, ಹಡಗು ಹಗುರಾಗಿ ಉಳೀತದ. ಆ ವಾಕ್ಯ ಹೇಳಿ ಥ್ರೋ ಅನ್ನೋದನ್ನ ಕೈಯಾಗ ಮಾಡಿ ತೋರಿಸ್ತಿದ್ದೆ, ಅಷ್ಟರಾಗ ಹಮಾಲರ ಮಗಳು ಒಬ್ಬಾಕಿ ಎದ್ದು ನಿಂತ್ಳು. ಒಂದೂವರಿ ತಿಂಗಳಾಗಿತ್ತು ಶಾಲಿ ಸುರುವಾಗಿ, ಇಂಗ್ಲಿಷ್ ಕ್ಲಾಸಿನ್ಯಾಗ ಅಕಿ ದನಿ ನಾನು ಕೇಳಿರಲಿಲ್ಲ.

"ನೋ ಮೇಡಂ. ನೋ ಥ್ರೋ."

ಯಾಕವ್ವಾ ಅಂದೆ.

"ಮೈ ಫಾದರ್ ಕ್ಯಾರಿ."

ಕ್ಲಾಸು ಸುಮ್ಮನಾತು. ಅಕಿ ಅಲ್ಲಿಗೆ ನಿಲ್ಲಿಸಲಿಲ್ಲ, ಇಂಗ್ಲಿಷ್ ಸಾಲದಾದಾಗ ಕನ್ನಡಕ್ಕ ಬಂದು, ಒಂದು ಲಾರಿ ತುಂಬಾಕ ಎಷ್ಟೊತ್ತು ಹಿಡೀತೈತಿ ಗೊತ್ತೇನ್ರಿ, ಬೆನ್ನು ಹೆಂಗಾಗ್ತೈತಿ ಗೊತ್ತೇನ್ರಿ, ಒಗಿ ಅಂದ್ರ ಹೆಂಗ ಒಗೀತಾರ ಅಂದ್ಳು. ಕಥಿ ಮುಂದಕ್ಕ ಒಯ್ಯಬೇಕೋ ನಿಲ್ಲಿಸ್ಬೇಕೋ ಅಂತ ಒಂದು ಕ್ಷಣ ತಿಳೀಲಿಲ್ಲ. ಹತ್ತು ಪಿರಿಯಡಿನ ಗಡುವು ತಲಿಯಾಗ ಇತ್ತು. ಬರ್ಕೊಂಡಿದ್ದ ಹಾಳಿ ಮಡಚಿ ಇಟ್ಟು ಕ್ಯಾಪ್ಟನ್ ಏನ್ ಮಾಡಬೇಕು ನೀವೇ ಹೇಳ್ರಿ, ಆದ್ರ ಕ್ಯಾಪ್ಟನ್ನಿಗೆ ಕನ್ನಡ ಬರಂಗಿಲ್ಲ ಅಂದೆ. ಈ ಪ್ರಕರಣದಾಗ ನಾನು ತಗೊಂಡ ನಿರ್ಧಾರದಾಗ ಭಾಳ ಮುಖ್ಯವಾದದ್ದು ಇದೇ ಅಂತ ಈಗಲೂ ಅನ್ಸತೈತಿ.

ಎರಡು ಪಾರ್ಟಿ ಆದ್ವು. ಒಂದು ಕಡೆ "ಪೀಪಲ್ ಫಸ್ಟ್, ರೈಸ್ ಸೆಕೆಂಡ್", ಇನ್ನೊಂದು ಕಡೆ "ರೈಸ್ ಈಸ್ ಫುಡ್, ಐಲ್ಯಾಂಡ್ ಪೀಪಲ್ ಹಂಗ್ರಿ". ವ್ಯಾಕರಣ ಕೇಳಬ್ಯಾಡ್ರಿ, ಆದ್ರ ಒಬ್ಬರ ಮಾತಿಗೆ ಇನ್ನೊಬ್ಬರು ಇಂಗ್ಲಿಷಿನ್ಯಾಗ ಉತ್ತರ ಕೊಡಾಕ ಹತ್ತಿದ್ರು. ಹೆವಿ, ಲೈಟ್, ಸೇವ್, ಹಾಫ್, ಲಾಸ್ ಇಂಥ ಶಬ್ದ ಅವರೇ ಕೇಳಿ ಕೇಳಿ ತಗೊಂಡ್ರು, "ಉಳಿಸೋದಕ್ಕ ಏನಂತಾರ್ರಿ ಮೇಡಂ, ಜಲ್ದಿ ಹೇಳ್ರಿ" ಅಂತ. ಹೇಳಿದ ಶಬ್ದ ಮರು ನಿಮಿಷದಾಗ ಎದುರು ಪಾರ್ಟಿ ಮ್ಯಾಲ ಬೀಳ್ತಿತ್ತು. 1979ರಿಂದ 1984ರ ತನಕ ಬೆಂಗಳೂರು, ಮದ್ರಾಸಿನ ಕಡೆ ಶಾಲಿಗಳಾಗ ಇಂಗ್ಲಿಷ್ ಕಲಿಸೋ ವಿಧಾನದ ತಜ್ಞ ಎನ್.ಎಸ್. ಪ್ರಭು ಅವರು ಮಾಡಿದ ಪ್ರಯೋಗದ ಬಗ್ಗೆ ಕೇಳಿದ್ದೆ, ಮಕ್ಕಳ ಗಮನ ಬಿಡಿಸಬೇಕಾದ ಒಂದು ಸಮಸ್ಯೆ ಮ್ಯಾಲ ಇದ್ರ ಭಾಷೆ ಹಿಂದಿಂದ ಬರ್ತದ ಅನ್ನೋದು ಅದರ ತಿರುಳು. ಕೇಳಿದಾಗ ದೊಡ್ಡ ಊರಿನ ಮಾತು ಅನ್ಸಿತ್ತು. ಅವತ್ತು ನಮ್ಮ ಅಂಗಳದಾಗ ಕಣ್ಣಾರೆ ಕಂಡೆ.

ಜಗಳ ಬಗೆಹರಿಸಿದವ ಹರಿಗೋಲಿನ ಹುಡುಗ. ಚೀಲ ಯಾಕ ಒಗೀತೀರಿ, ನೀರು ಒಗೀರಿ ಅಂದ. ಹರಿಗೋಲಿನ್ಯಾಗ ನೀರು ಬಂದ್ರ ಒಬ್ಬವ ಹುಟ್ಟು ಹಾಕ್ತಿರ್ತಾನ, ಇನ್ನೊಬ್ಬವ ಡಬ್ಬಿಲೆ ನೀರು ಮೊಗದು ಚೆಲ್ತಿರ್ತಾನಂತ. ಅದಕ್ಕ ಇಂಗ್ಲಿಷಿನ್ಯಾಗ ಏನು? ಬೇಲ್. ನನ್ನ 14ರ ಪಟ್ಟಿಯಾಗ ಇರಲೇ ಇಲ್ಲ. ಬೇಲ್ ಅಂದ ಕೂಡ್ಲೇ ನಾಲ್ಕು ಮಂದಿ "ಜೈಲಿನಿಂದ ಬರೋದು" ಅಂದ್ರು, ಆಂಕರಿನ ದಿನ ಮಾಡಿದಂಗ ಎರಡೂ ಅರ್ಥ ಪಕ್ಕಪಕ್ಕ ಇಟ್ವಿ. ಆ ದಿನದಿಂದ ಕಥಿಯಾಗ ಕ್ಯಾಪ್ಟನ್ ಮೊದಲು "ಬೇಲ್ ದ ವಾಟರ್" ಅಂತಾನ, ಆಮ್ಯಾಲ ಐವತ್ತು ಚೀಲ ಒಗೀತಾನ, 350 ಚೀಲ ದ್ವೀಪ ಮುಟ್ಟತಾವ. ಐವತ್ತು ಅನ್ನೋ ಲೆಕ್ಕ ಹಮಾಲರ ಮಗಳು ಒಪ್ಪಿದ್ದು.

ಡ್ರೌನ್ ಅನ್ನೋ ಶಬ್ದ

ಆರನೇ ದಿನ ತಪ್ಪು ಮಾಡಿದೆ. ಹಿಂದಿನ ದಿನದ ಹುರುಪು ಇತ್ತು. ಒಬ್ಬ ನಾವಿಕ ನೀರಿಗೆ ಬೀಳೋದನ್ನ ಒಬ್ಬ ಹುಡುಗನ ಕಡೆ ಆಡಿಸಿದೆ, ಅವ ನೆಲದ ಮ್ಯಾಲ ಬಿದ್ದು ಕೈಕಾಲು ಬಡಿದ, "ಹೀ ಈಸ್ ಡ್ರೌನಿಂಗ್" ಅಂತ ಎಲ್ಲಾರ ಕಡೆ ಹೇಳಿಸಿದೆ. ಮೂರನೇ ಸಲ ಹೇಳೋವಾಗ ಒಂದು ಹುಡುಗಿ ಅಂಗಳ ಬಿಟ್ಟು ಒಳಗ ಹೋದ್ಳು. ಬಾಯಾರಿಕಿ ಇರಬೇಕು ಅನ್ಕೊಂಡೆ. ಮರುದಿನ ಶಾಲಿಗೆ ಬರಲಿಲ್ಲ, ಅದರ ಮರುದಿನಾನೂ. ಅದೇ ಊರಿನ ನಮ್ಮ ಅಡಿಗಿ ಅಕ್ಕ ಹೇಳಿದ್ಮ್ಯಾಲ ಗೊತ್ತಾತು, ಅಕಿ ಮನ್ಯಾಗ ಒಬ್ಬರು ಹೊಳಿ ಪಾಲಾಗಿದ್ರು, ಭಾಳ ವರ್ಷ ಏನೂ ಆಗಿರಲಿಲ್ಲ.

ಹೊಳಿ ದಂಡಿ ಊರಿನ್ಯಾಗ ಆರು ವರ್ಷದಿಂದ ಪಾಠ ಮಾಡ್ತಿದ್ದೆ. ಮೊದಲೇ ಕೇಳ್ಕೋಬೇಕಾಗಿತ್ತು. ಸಂಜಿಗೆ ಅಡಿಗಿ ಅಕ್ಕನ್ನ ಕರ್ಕೊಂಡು ಅವರ ಮನಿಗೆ ಹೋದೆ. ಅವರವ್ವಗ ನಡೆದದ್ದು ಹೇಳಿ ತಪ್ಪಾತು ಅಂದೆ. ಅವರು ಚಾ ಕೊಟ್ಟು, ಅಕಿ ಮನ್ಯಾಗ ಅದರ ಬಗ್ಗೆ ಒಂದು ಮಾತೂ ಆಡಿಲ್ರಿ ಮೇಡಂ ಇಲ್ಲೀತನಕ, ನೀವು ಬಂದಿದ್ದು ಚಲೋ ಆತು ಅಂದ್ರು. ಹುಡುಗಿ ಬಾಗಲ ಹಿಂದ ನಿಂತಿದ್ಳು. ನಾಳೆ ಆ ಆಟ ಇರಂಗಿಲ್ಲವ್ವಾ ಅಂದೆ, ತಲಿ ಹಾಕಿದ್ಳು.

ಬದಲಿಸಿದ್ದು ಇಷ್ಟು. ನೀರಿಗೆ ಬಿದ್ದ ನಾವಿಕನಿಗೆ ಹಗ್ಗ ಒಗೀತಾರ, ಹಿಡಕೊಂಡು ಮ್ಯಾಲ ಬರ್ತಾನ, ರೋಪ್, ಕ್ಲಿಂಗ್, ರೆಸ್ಕ್ಯೂ ಮೂರು ಶಬ್ದ ಮುಂದಕ್ಕ ಬಂದ್ವು. ಡ್ರೌನ್ ಪೂರಾ ಬಿಡಬೇಕೋ ಅಂತ ಭಾಳ ವಿಚಾರ ಮಾಡಿದೆ. ಬಿಟ್ರ ಸಿಂಕ್ ಮತ್ತ ಅದರ ಜಾಗಕ್ಕ ಬರ್ತದ, ಹಡಗಿಗೂ ಮನಷ್ಯಾಗೂ ಒಂದೇ ಶಬ್ದ ಆಗ್ತದ. ಕಡೀಗೆ ಬೋರ್ಡ್ ಮ್ಯಾಲ ಎರಡೇ ವಾಕ್ಯ ಬರದೆ, ಕಲ್ಲು ಸಿಂಕ್ ಆಗ್ತದ, ಹಡಗು ಸಿಂಕ್ ಆಗ್ತದ, ಡ್ರೌನ್ ಅನ್ನೋದು ಜೀವ ಇದ್ದವರಿಗೆ ಮಾತ್ರ ಅಂತ. ಆಡಿಸಲಿಲ್ಲ, ಕೂಡಿ ಕೂಗಿಸಲಿಲ್ಲ. ಆ ಹುಡುಗಿ ನೋಟ್ಸಿನ್ಯಾಗ ಬರ್ಕೊಂಡ್ಳು. ಮೂರನೇ ವಾರದಾಗ ಹಗ್ಗ ಒಗೆಯೋ ಪಾತ್ರ ನಂಗ ಕೊಡ್ರಿ ಅಂತ ತಾನೇ ಕೇಳಿದ್ಳು.

ಏನಾತು

ಹತ್ತು ಪಿರಿಯಡ್ ಅಂದಿದ್ದು ಹದಿಮೂರು ಆದ್ವು. ಕಡೀ ದಿನ ಅದೇ ವಿಡಿಯೋ ದನಿ ಬಂದ್ ಮಾಡಿ ಹಾಕಿದೆ, ಮಕ್ಕಳೇ ಇಂಗ್ಲಿಷಿನ್ಯಾಗ ಹೇಳ್ತಾ ಹೋಗ್ಬೇಕು. "ಬಿಗ್ ವೇವ್, ಲೋವರ್ ದ ಸೇಲ್, ಬೇಲ್, ಬೇಲ್" ಅಂತ ಕೂಗಿದ್ರು. ಆದ್ರ ನಂಗ ಒಂದು ಅನುಮಾನ ಇತ್ತು, ಇವು ಕಥಿಯಾಗ ಅಷ್ಟೇ ಬರೋ ಶಬ್ದಾನೋ, ಕಥಿ ಹೊರಗೂ ಬರ್ತಾವೋ ಅಂತ. ಪರೀಕ್ಷಿಸಿದ್ರ ಖರೇನೇ ಹಂಗಾತು, ಕಥಿ ಸಾಲಿನ್ಯಾಗ ಖಾಲಿ ಜಾಗ ಬಿಟ್ಟು ಕೊಟ್ರ ತುಂಬ್ತಾರ, ಹೊಸ ವಾಕ್ಯ ಮಾಡ್ರಿ ಅಂದ್ರ ಮುಕ್ಕಾಲು ಮಂದಿ ನಿಂತು ಬಿಡ್ತಾರ.

ಅದು ಬದಲಾಗಿದ್ದು ನನ್ನಿಂದಲ್ಲ. ಆಗಸ್ಟ್ 10ರ ರಾತ್ರಿ ತುಂಗಭದ್ರಾ (ಟಿಬಿ) ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿ ಹೋತು, ಒತ್ತಡ ಕಡಿಮಿ ಮಾಡಾಕ 33 ಗೇಟೂ ತಗದು ನೀರು ಬಿಟ್ರು, ಹೊಳಿ ದಂಡಿಗೆ ಹೋಗಬ್ಯಾಡ್ರಿ ಅಂತ ಡಂಗುರ ಸಾರಿದ್ರು. ಎರಡನೇ ಬೆಳಿಗೆ ನೀರು ಉಳೀತದೋ ಇಲ್ಲೋ ಅಂತ ಊರೆಲ್ಲ ಚಿಂತಿ. ಸೋಮವಾರ ಕ್ಲಾಸಿಗೆ ಹೋದ್ರ ನಾನು ಬಾಯಿ ತೆಗೆಯೋ ಮೊದಲೇ ಹರಿಗೋಲಿನ ಹುಡುಗ, "ಮೇಡಂ, ಕರೆಂಟ್ ಈಸ್ ಸ್ಟ್ರಾಂಗ್. ಅವರ್ ಬೋಟ್ ಆನ್ ದ ಬ್ಯಾಂಕ್" ಅಂದ. ಓದಾಕ ಬರದ ಹುಡುಗ, ಕರೆಂಟ್, ಬ್ಯಾಂಕ್ ಎರಡೂ ತಾನೇ ಹೊಳಿಗೆ ತಂದು ಕೂಡಿಸಿದ್ದ. ಪಾಠ ಬಿಟ್ಟು ಹೊಳಿ ಬಗ್ಗೆ ಐದು ಸಾಲು ಬರೀರಿ ಅಂದೆ. ಸಮುದ್ರದ ಶಬ್ದ ಹೊಳಿಗೆ ಬಂದ್ವು, ವೇವ್, ಡ್ರಿಫ್ಟ್, ರೋಪ್, ರೆಸ್ಕ್ಯೂ. ಆ ವಾರಾನೇ ಹರಿಯೋ ನೀರಿನ್ಯಾಗ ಗೇಟಿನ ಬದಲಿ ಇಡೋ ಉಕ್ಕಿನ ತಡಿ, ಅಂದ್ರ ಸ್ಟಾಪ್‌ಲಾಗ್ ಇಳಿಸಿ ಗೇಟಿನ ಜಾಗ ಮುಚ್ಚಿದಾಗ ಹಮಾಲರ ಮಗಳು "ದೇ ಸೇವ್ಡ್ ಅವರ್ ರೈಸ್" ಅಂತ ಬರ್ಕೊಂಡು ಬಂದ್ಳು. ಬೆಳಿಗೆ ನೀರು ಉಳೀತು ಅನ್ನೋದಕ್ಕ ಅಕಿ ಹುಡುಕಿಕೊಂಡ ವಾಕ್ಯ ಅದು, ನಾನು ತಿದ್ದಲಿಲ್ಲ.

ದಸರಾ ರಜೆ ಮುಗದ ಮ್ಯಾಲ ಹೇಳ್ದೇ ಕೇಳ್ದೇ ಪೇಪರ್ ಕೊಟ್ಟೆ, ಎಲ್ಲಾ ಹೊಸ ವಾಕ್ಯ. ಸಿಂಕ್, ಡ್ರೌನ್ ಬ್ಯಾರೆ ಬ್ಯಾರೆ ಸರಿ ಹಾಕಿದವರು 29. ಆಂಕರ್, ಕರೆಂಟ್ ಎರಡೂ ಅರ್ಥ ಬರದವರು 33. ವಿಂಡ್, ಏರ್ ಸರಿ ಮಾಡಿದವರು 15 ಅಷ್ಟೇ. ಏರ್ ಈ ಕಥಿಯಾಗ ಬ್ಯಾಡ ಅಂತ ಬಿಟ್ಟಿದ್ದೆನಲ್ಲ, ಎರಡನೇ ಶಬ್ದ ಆಮ್ಯಾಲ ಕೊಡಬೇಕು ಅನ್ನೋದು ಸರಿ, ನಾನು ಕೊಡೋದೇ ಮರ್ತೆ. ಸ್ಪೆಲ್ಲಿಂಗ್ ಸುಧಾರಿಸಲಿಲ್ಲ. ಆಂಕರಿನ್ಯಾಗ ಬರೋ ಎಚ್ ಅಕ್ಷರ ಹೆಚ್ಚಿನವರು ನುಂಗ್ಯಾರ. ಓದಾಕ ಬರದ ಏಳು ಮಂದಿ ಶಬ್ದ ಬಾಯಿಲೆ ಹೇಳ್ತಾರ, ಹಾಳಿ ಮ್ಯಾಲ ಗುರುತು ಹಿಡಿಯಂಗಿಲ್ಲ, ಅವರಾಗ ಇಬ್ಬರು ಮಾತ್ರ ನವೆಂಬರ್ ಹೊತ್ತಿಗೆ ಕಥಿಯ ಮೊದಲ ಪ್ಯಾರಾ ಓದಿದ್ರು. ಕಥಿ ಹೇಳಿದ್ರ ಓದೂ ತಾನಾಗೇ ಬರ್ತದ ಅಂತ ಯಾರಾದ್ರೂ ಹೇಳಿದ್ರ ನಾನು ಒಪ್ಪಂಗಿಲ್ಲ, ಅಕ್ಷರಕ್ಕ ಬ್ಯಾರೆ ದಿನಾ ಹತ್ತು ನಿಮಿಷ ಬೇಕೇ ಬೇಕು.

ಬ್ಯಾರೆ ಟೀಚರ್ಸ್ ಇದನ್ನ ಮಾಡಿ ನೋಡ್ತೀನಿ ಅಂದ್ರ ನಾನು ಹೇಳೋದು ಮೊದಲು ತಪ್ಪು ಉತ್ತರ ಕೂಡಿಡ್ರಿ, ನಮ್ಮ ಹಡಗಿನ ಕಥೀನೇ ಬೇಕಂತ ಇಲ್ಲ. ರಾಯಚೂರು ಕಡೆ ಮಕ್ಕಳ ಬಾಯಾಗ ಬ್ಯಾರೆ ಶಬ್ದ ಇರ್ತಾವ, ಶಕ್ತಿನಗರದ ಮಕ್ಕಳಿಗೆ ಥರ್ಮಲ್ ಪ್ಲಾಂಟಿನ ಶಬ್ದ, ಹಟ್ಟಿ ಮಕ್ಕಳಿಗೆ ಗಣಿ ಶಬ್ದ, ಬಳ್ಳಾರಿಯಾಗ ಜೀನ್ಸ್ ಹೊಲಿಯೋರ ಮಕ್ಕಳಿಗೆ ಅದರ ಶಬ್ದ. ಯಾವ ಕಥಿ ತಗೊಂಡ್ರೂ ಅವರ ಬಾಯಾಗ ಇರೋ ಶಬ್ದ ಎಲ್ಲಿ ತಾಗ್ತದ ನೋಡ್ಕೊಂಡು ಅಲ್ಲಿಂದ ಹಿಡೀರಿ. ಕಥಿಯಾಗ ಮಕ್ಕಳು ತೀರ್ಮಾನ ಮಾಡಬೇಕಾದ ಒಂದು ಜಾಗ ಇಡ್ರಿ, ಅದನ್ನ ಮೊದಲೇ ತೀರ್ಮಾನ ಮಾಡಿ ಇಟ್ಕೋಬ್ಯಾಡ್ರಿ. ನೀರು, ಬೆಂಕಿ, ಸಾವು ಬರೋ ಕಥಿ ಆದ್ರ ಊರಿನವರನ್ನ ಒಂದು ಮಾತು ಕೇಳಿ ಸುರು ಮಾಡ್ರಿ.

2025ರ ಜುಲೈನ್ಯಾಗ ಹೊಸ ಎಂಟನೇ ಕ್ಲಾಸಿಗೆ ಅದೇ ಹಡಗು ಮತ್ತ ಬಿಟ್ಟೆ. ಸುರು ಮಾಡೋ ಮೊದಲು ಅಡಿಗಿ ಅಕ್ಕನ ಜೋಡಿ ಕುಂತು 41 ಮಕ್ಕಳ ಪಟ್ಟಿ ನೋಡಿದ್ವಿ. ಬೇಲ್ ಪಟ್ಟಿಯಾಗ ಮೊದಲೇ ಐತಿ. ಹರಿಗೋಲಿನ ಹುಡುಗ ಅಷ್ಟೊತ್ತಿಗೆ ಒಂಬತ್ತನೇ ಕ್ಲಾಸು, ಆಂಕರಿನ ದಿನ ಅವನ್ನ ಕರಿಸಿ ಕಲ್ಲು, ಹಗ್ಗ ತರಿಸಿ ಅವನ ಕಡೀನೇ ಹೇಳಿಸಿದೆ. ಏರ್, ವಿಂಡ್ ಬಿಡಿಸಾಕ ಸೈಕಲ್ ಪಂಪು, ಟ್ಯೂಬು ತಂದಿಟ್ಟಿದ್ದೆ, ಟ್ಯೂಬಿನ ಒಳಗ ಇರೋತನಕ ಏರ್, ವಾಲ್ ಬಿಚ್ಚಿ ಮುಖಕ್ಕ ಹಿಡದ್ರ ವಿಂಡ್. ಟ್ಯೂಬು ಮುಂದಿನ ಬೆಂಚಿನಿಂದ ಕಡೀ ಬೆಂಚಿನ ತನಕ ಕೈಯಿಂದ ಕೈಗೆ ಹೋತು, 41 ಮಂದೀನೂ ಒಬ್ಬೊಬ್ಬರಾಗಿ ಮುಖಕ್ಕ ಹಿಡಕೊಂಡು ನೋಡಿದ್ರು.